ಪಾರ್ಟು ಬದಲಾಯಿಸೋದು ರಿಪೇರಿ ಅಲ್ಲ ಸ್ವಾಮೀ!

"ಪಂಪ್ ಹೋಗಿದೆ, ನಾಲ್ಕೂ ನಾಝಲ್ ಬದಲಾಯಿಸಬೇಕು. ಆಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ಇಂಜಿನ್ ಇಳಿಸಿ ನೋಡೋಣ."

ಇವತ್ತಿನ ನನ್ನ ಜಗಳ ಈ ಮಾತಿನ ಜೊತೆ. ವರ್ಷಗಟ್ಟಲೆ ನಿಲ್ಲಿಸಿಟ್ಟ ಹಳೇ ಡೀಸೆಲ್ ಗಾಡಿಯನ್ನ ಗ್ಯಾರೇಜಿಗೆ ಎಳೆದುಕೊಂಡು ಹೋದವರಿಗೆ ಇದು ಚೆನ್ನಾಗಿ ಗೊತ್ತಿರುವ ಮಾತು. ಬಾನೆಟ್ ಎತ್ತಿದ ಐದು ನಿಮಿಷಕ್ಕೆ ತೀರ್ಪು ಬಂದುಬಿಡುತ್ತದೆ. ವಿಚಾರಣೆ ಮಾತ್ರ ನಡೆದೇ ಇರಲ್ಲ!

ನಮ್ಮ ಚಿಕ್ಕಪ್ಪನ ಗಾಡಿಯನ್ನೇ ತಗೊಳ್ಳಿ. ಸಾಗರದ ಹತ್ತಿರ ತೋಟ. 2.5 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಪಿಕಪ್, ಹಳೇ ಕಾಲದ ಮೆಕ್ಯಾನಿಕಲ್ ಪಂಪ್, ಕಂಪ್ಯೂಟರಿನ ಗಂಧಗಾಳಿ ಇಲ್ಲ. ಗೊಬ್ಬರ ತರೋದಕ್ಕೆ, ಅಡಿಕೆ ಮಂಡಿಗೆ ಸಾಗಿಸೋದಕ್ಕೆ ಅದೇ ಬೇಕು. ಡ್ರೈವರ್ ಬಿಟ್ಟು ಹೋದ, ಚಿಕ್ಕಪ್ಪನಿಗೆ ಮಂಡಿನೋವು ಬಂತು, ಗಾಡಿ ಅರ್ಧ ಟ್ಯಾಂಕ್ ಡೀಸೆಲ್ ಜೊತೆ ಕೊಟ್ಟಿಗೆ ಪಕ್ಕದಲ್ಲಿ ಎರಡು ಮಳೆಗಾಲ ಕಳೆಯಿತು. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಸ್ಟಾರ್ಟ್ ಏನೋ ಆಯ್ತು. ಆದರೆ ಗಡಗಡ ನಡುಕ, ಬೆಳ್ಳನೆ ಹೊಗೆ, ಆಕ್ಸಿಲರೇಟರ್ ಒತ್ತಿದರೆ ಉಸಿರು ಕಟ್ಟಿದ ಹಾಗೆ ಮಿಸ್ಸಿಂಗ್. ಗ್ಯಾರೇಜಿನವರು ಹೇಳಿದ್ದು ಮೇಲಿನ ಮಾತು. ಲೆಕ್ಕ 38,000 ರೂಪಾಯಿ, ಇಂಜಿನ್ ಇಳಿಸೋ ಖರ್ಚು ಬೇರೆ. "ಅಷ್ಟು ದುಡ್ಡು ಹಾಕೋದಕ್ಕಿಂತ ಗುಜರಿಗೆ ಕೊಡೋದೇ ಸೈ ಅಲ್ದನಾ ಮಾರಾಯ" ಅಂತ ಚಿಕ್ಕಪ್ಪ ಫೋನಿನಲ್ಲಿ ಹೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಚಿಕ್ಕಪ್ಪನ ಮೇಲಲ್ಲ, ಆ ತೀರ್ಪಿನ ಮೇಲೆ.

ಯಾಕೆ ಅಂತ ಹೇಳ್ತೀನಿ ಕೇಳಿ.

ಡೀಸೆಲ್ ಇಂಜಿನ್ನಿಗೆ ಬೇಕಾದ್ದು ಮೂರೇ ಮೂರು. ಸಾಕಷ್ಟು ಗಾಳಿ, ಆ ಗಾಳಿಯನ್ನ ಬಿಸಿಯಾಗೋ ಹಾಗೆ ಒತ್ತೋ ಕಂಪ್ರೆಶನ್, ಸರಿಯಾದ ಹೊತ್ತಿಗೆ ಮಂಜಿನ ಹಾಗೆ ಸಿಂಪಡಣೆಯಾಗೋ ಶುದ್ಧ ಡೀಸೆಲ್. ನಿಲ್ಲಿಸೋ ದಿನ ಚೆನ್ನಾಗಿ ಓಡುತ್ತಿದ್ದ ಇಂಜಿನ್ನಿನ ಪಿಸ್ಟನ್ನು, ರಿಂಗು ನಿಂತಲ್ಲೇ ಸವೆಯಲ್ಲ. ತುಕ್ಕು ಹಿಡಿಯಬಹುದು, ವಾಲ್ವ್ ಅಂಟಿಕೊಳ್ಳಬಹುದು, ಇಲ್ಲ ಅನ್ನಲ್ಲ. ಆದರೆ ನಿಂತ ಗಾಡಿಯಲ್ಲಿ ಮೊದಲು ಕೆಡೋದು ಡೀಸೆಲ್, ರಬ್ಬರ್ ಪೈಪು ಮತ್ತು ವಾಶರು. ಅರ್ಧ ಖಾಲಿ ಟ್ಯಾಂಕಿನೊಳಗೆ ಮಲೆನಾಡಿನ ಗಾಳಿಯ ತೇವ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಡೀಸೆಲ್ ತೂಕ ಲೀಟರಿಗೆ ಸುಮಾರು 0.83 ಕೆಜಿ, ನೀರು ಅದಕ್ಕಿಂತ ಭಾರ. ಹಾಗಾಗಿ ನೀರು ಕೆಳಗೆ, ಡೀಸೆಲ್ ಮೇಲೆ. ಎರಡೂ ಸೇರೋ ಗಡಿಯಲ್ಲಿ ಡೀಸೆಲ್ಲನ್ನೇ ತಿಂದು ಬದುಕೋ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಅದು ಹೋಗಿ ಕೂರೋದು ಫಿಲ್ಟರಿನಲ್ಲಿ. ಇನ್ನು ರಬ್ಬರ್ ಪೈಪು ಒಣಗಿ ಬಿರುಕು ಬಿಟ್ಟರೆ ಕೆಳಗೆ ಒಂದು ಹನಿ ಡೀಸೆಲ್ ಕೂಡ ಬೀಳದೆ ಇರಬಹುದು! ಟ್ಯಾಂಕಿನಿಂದ ಎಳೆದುಕೊಳ್ಳೋ ಲೈನು ಅದು, ಡೀಸೆಲ್ ಹೊರಗೆ ಬರೋ ಬದಲು ಗಾಳಿ ಒಳಗೆ ಹೋಗುತ್ತದೆ. ಗಾಳಿ ಗುಳ್ಳೆಯನ್ನ ಪಂಪ್ ಎಷ್ಟು ಒತ್ತಿದರೂ ಅದು ಕುಗ್ಗುತ್ತದೆ ಅಷ್ಟೇ, ನಾಝಲ್ ತೆರೆಯೋ ಒತ್ತಡ ಬರಲ್ಲ. ಆ ಸಿಲಿಂಡರ್ ಒಂದು ಹೊಡೆತ ತಪ್ಪಿಸುತ್ತದೆ. ಅರೆಬರೆ ಸಿಂಪಡಣೆಯಾದ ಡೀಸೆಲ್ ಉರಿಯದೆ ಆವಿಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಅದೇ ಕಣ್ಣು ಉರಿಯೋ ಬಿಳಿ ಹೊಗೆ. ಕಪ್ಪು ಹೊಗೆ ಆಗಿದ್ದರೆ ಗಾಳಿ ಕಮ್ಮಿ ಇಲ್ಲವೇ ಡೀಸೆಲ್ ಜಾಸ್ತಿ, ನೀಲಿ ಆಗಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಹೊಗೆ ಇಷ್ಟೆಲ್ಲಾ ಮಾತಾಡುತ್ತೆ. ಕೇಳೋರು ಬೇಕು.

ಈಗ ನನ್ನ ಕಸುಬಿಗೆ ಬರ್ತೀನಿ. ಹತ್ತು ಸಾವಿರ ಸಾಲಿನ ಪ್ರೋಗ್ರಾಮಿನಲ್ಲಿ ಎಲ್ಲೋ ತಪ್ಪಿದೆ ಅಂದರೆ ಹತ್ತು ಸಾವಿರ ಸಾಲನ್ನೂ ಅಳಿಸಿ ಹೊಸದಾಗಿ ಬರೆಯಲ್ಲ. ಮಧ್ಯದಲ್ಲಿ ಒಂದು ಕಡೆ ನಿಂತು, "ಇಲ್ಲಿವರೆಗೆ ಸರಿ ಇದೆಯಾ?" ಅಂತ ಕೇಳ್ತೀವಿ. ಇದ್ದರೆ ತಪ್ಪು ಆಮೇಲಿನ ಅರ್ಧದಲ್ಲಿ, ಇಲ್ಲದಿದ್ದರೆ ಮೊದಲಿನ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋಗೋದು. ಇಂಜಿನ್ನಿಗೂ ಇದೇ ನಿಯಮ. ಇದನ್ನ ಸಾಫ್ಟ್‌ವೇರಿನವರು ಕಂಡುಹಿಡಿದದ್ದಲ್ಲ, ಒಳ್ಳೇ ಮೇಸ್ತ್ರಿಗಳು ನಮಗಿಂತ ಮೊದಲೇ ಮಾಡುತ್ತಿದ್ದರು.

ಅಂಥ ಒಬ್ಬ ಹಳೇ ಪಂಪ್ ಮೇಸ್ತ್ರಿ ಚಿಕ್ಕಪ್ಪನಿಗೆ ಪರಿಚಯ. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಾಯಿಸಿದರೂ ಇವರ ಬಾಯಲ್ಲಿ ಇವತ್ತಿಗೂ ಅದು 'ಮೈಕೋ ಪಂಪೇ'. ಅವರನ್ನ ಕರೆಸಿದ್ವಿ. ಅವರು ಮೊದಲು ಮುಟ್ಟಿದ್ದು ಸ್ಪ್ಯಾನರ್ ಅಲ್ಲ. ಏರ್ ಫಿಲ್ಟರ್ ಡಬ್ಬ ತೆಗೆದು ಇಲಿ ಗೂಡು ಕಟ್ಟಿದೆಯಾ ನೋಡಿದರು. ಆಯಿಲ್ ಕಡ್ಡಿ ನೋಡಿದರು. ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಡೀಸೆಲ್ ಇಳಿಸಿ ಕಟ್ಟೆ ಮೇಲಿಟ್ಟು, ಚಾ ಕುಡಿದರು. ಚಾ ಮುಗಿಯೋ ಹೊತ್ತಿಗೆ ಬಾಟಲಿಯ ಅಡಿಯಲ್ಲಿ ಎರಡು ಬೆರಳು ನೀರು.

ಆಮೇಲೆ ಮಾಡಿದ್ದೇ ನನಗೆ ಬಹಳ ಇಷ್ಟವಾದ ಪರೀಕ್ಷೆ. ಒಂದು ಕ್ಯಾನಿನಲ್ಲಿ ಹೊಸ ಡೀಸೆಲ್ ತುಂಬಿ, ಪಂಪಿಗಿಂತ ಎತ್ತರದಲ್ಲಿ ಕಟ್ಟಿ, ಹೊಸ ಪೈಪು ಮತ್ತು ಸಣ್ಣ ಫಿಲ್ಟರ್ ಮೂಲಕ ನೇರವಾಗಿ ಪಂಪಿಗೆ ಕೊಟ್ಟರು. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟರು. ಏರ್ ತೆಗೆದು ಸ್ಟಾರ್ಟ್ ಮಾಡಿದರೆ ಮುಕ್ಕಾಲು ನಡುಕ ಮಾಯ! ಅಂದರೆ ದೊಡ್ಡ ತಪ್ಪು ಇದ್ದದ್ದು ಟ್ಯಾಂಕಿನಿಂದ ಪಂಪಿನವರೆಗಿನ ಅರ್ಧದಲ್ಲಿ. ಇಪ್ಪತ್ತು ನಿಮಿಷದ ಕೆಲಸ, ಖರ್ಚು ಹೆಚ್ಚುಕಮ್ಮಿ ಸೊನ್ನೆ. 38,000ದ ತೀರ್ಪು ಕೊಟ್ಟವರು ಈ ಇಪ್ಪತ್ತು ನಿಮಿಷ ಕೊಡಲಿಲ್ಲ.

ಉಳಿದ ಕಾಲು ಭಾಗದ ನಡುಕಕ್ಕೆ ಇನ್ನೊಂದು ಪರೀಕ್ಷೆ. ಇಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಒಂದೊಂದೇ ನಾಝಲ್ಲಿನ ಪೈಪಿನ ನಟ್ಟನ್ನು ಸ್ವಲ್ಪ ಸಡಿಲ ಮಾಡಿ ಬಿಗಿ ಮಾಡೋದು. ಸಡಿಲ ಮಾಡಿದಾಗ ಇಂಜಿನ್ ಕುಗ್ಗಿದರೆ ಆ ಸಿಲಿಂಡರ್ ದುಡೀತಾ ಇದೆ ಅಂತ ಅರ್ಥ. ಮೂರನೆಯದರಲ್ಲಿ ಸದ್ದು ಬದಲಾಗಲೇ ಇಲ್ಲ. ಅಲ್ಲೂ ಅವರು "ನಾಝಲ್ ಹೋಗಿದೆ" ಅನ್ನಲಿಲ್ಲ. ಮೂರನೇ ನಾಝಲ್ಲನ್ನ ಒಂದಕ್ಕೆ, ಒಂದರದ್ದನ್ನ ಮೂರಕ್ಕೆ ಹಾಕಿದರು. ತೊಂದರೆ ಒಂದನೇ ಸಿಲಿಂಡರಿಗೆ ಹೋಯಿತು. ಮೂರರಲ್ಲೇ ಉಳಿದಿದ್ದರೆ ಕಂಪ್ರೆಶನ್, ಟ್ಯಾಪೆಟ್, ಪಂಪ್ ಕಡೆ ನೋಡಬೇಕಿತ್ತು. ಈಗ ಮಾತ್ರ ನಾಝಲ್ ಅಂತ ಧೈರ್ಯವಾಗಿ ಹೇಳಬಹುದು. ಟೆಸ್ಟರಿಗೆ ಹಾಕಿದರೆ ಮಂಜಿನ ಹಾಗೆ ಬೀಳಬೇಕಾದ್ದು ತೊಟ್ಟಿಕ್ಕುತ್ತಿತ್ತು. ಟ್ಯಾಂಕ್ ತೊಳೆದು, ಪೈಪು, ಫಿಲ್ಟರ್, ವಾಶರು, ಒಂದೇ ಒಂದು ನಾಝಲ್ ಹೊಸದು ಹಾಕಿ, ಕೂಲಿ ಸೇರಿ 4,600 ರೂಪಾಯಿ. ಪಂಪ್ ಮುಟ್ಟಲೇ ಇಲ್ಲ.

(ಒಂದು ಎಚ್ಚರಿಕೆ: ನಟ್ಟು ಸಡಿಲ ಮಾಡೋ ಪರೀಕ್ಷೆ ಹಳೇ ಮೆಕ್ಯಾನಿಕಲ್ ಪಂಪಿಗೆ ಮಾತ್ರ, ಅದೂ ಗೊತ್ತಿದ್ದವರ ಕೈಯಲ್ಲಿ. ಕಾಮನ್ ರೇಲ್ ಇರೋ ಗಾಡಿಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಚರ್ಮದೊಳಗೆ ಡೀಸೆಲ್ ನುಗ್ಗಿಬಿಡುತ್ತದೆ. ದಯವಿಟ್ಟು ಕೈ ಹಾಕಬೇಡಿ.)

"ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಟೈಮ್ ಉಳಿಯುತ್ತಲ್ಲ?" ಅಂತ ವಾದಿಸೋರು ಇದ್ದಾರೆ. ಉಳಿಯಲ್ಲ ಸ್ವಾಮೀ. ಪಂಪಿನ ಒಳಗಿನ ಭಾಗಗಳ ನಡುವೆ ಇರೋ ಸಂದು ಕೆಲವೇ ಮೈಕ್ರಾನ್, ತಲೆಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಅದಕ್ಕೆ ಜಾರುವಿಕೆ ಕೊಡೋದು ಡೀಸೆಲ್ಲೇ. ಹೊಸದಾಗಿ ರಿಪೇರಿ ಮಾಡಿದ ಪಂಪಿಗೆ ಅದೇ ಟ್ಯಾಂಕಿನ ನೀರು, ತುಕ್ಕು ಕುಡಿಸಿದರೆ ಅದೂ ಹಾಳು. ಒಡೆದ ಪೈಪು ಹಾಗೇ ಇರುವುದರಿಂದ ನಡುಕವೂ ಹಾಗೇ. ಆಗ ಬರೋ ಮುಂದಿನ ತೀರ್ಪು "ಇಂಜಿನ್ ಹೋಗಿದೆ". ಒಂದು ವೇಳೆ ಅದೃಷ್ಟಕ್ಕೆ ಸರಿ ಹೋಯ್ತು ಅನ್ನಿ, ಯಾವುದರಿಂದ ಸರಿ ಹೋಯ್ತು ಅಂತ ಯಾರಿಗೂ ಗೊತ್ತಿಲ್ಲ. ಮುಂದಿನ ಗಿರಾಕಿಗೂ ಎಲ್ಲಾ ಬದಲಾಯಿಸೋದೇ ಗತಿ.

"ಹೊಸ ಗಾಡಿಗಳಲ್ಲಿ ಸ್ಕ್ಯಾನರ್ ಇದೆ, ಅದೇ ಹೇಳುತ್ತೆ" ಅನ್ನೋದು ಇನ್ನೊಂದು ವಾದ. ಸ್ಕ್ಯಾನರ್ ಹೇಳೋದು "ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್" ಅಂತ. ಎಲ್ಲಿ ಅಂತ ಹೇಳಿತು, ಯಾಕೆ ಅಂತ ಹೇಳಲಿಲ್ಲ. ಜ್ವರ 102 ಇದೆ ಅಂತ ಥರ್ಮಾಮೀಟರ್ ಹೇಳಿದ ಮಾತ್ರಕ್ಕೆ ಕಾಯಿಲೆ ಗೊತ್ತಾಯ್ತಾ?

ಹಾಗಂತ ಬೈಗುಳವನ್ನೆಲ್ಲಾ ಗ್ಯಾರೇಜಿನವರ ತಲೆಗೇ ಕಟ್ಟೋದು ಅನ್ಯಾಯ. ಇಲ್ಲಿ ಗಿರಾಕಿಯ ಪಾಲೂ ದೊಡ್ಡದಿದೆ. ಮೇಸ್ತ್ರಿ ಎರಡು ಗಂಟೆ ಹುಡುಕಿ, ನೂರು ರೂಪಾಯಿ ಪೈಪು ಬದಲಾಯಿಸಿ 1,500 ಕೂಲಿ ಕೇಳಿದರೆ "ಬರೀ ನೋಡಿದ್ದಕ್ಕೆ ಇಷ್ಟಾ?" ಅಂತ ಜಗಳಕ್ಕೆ ಬೀಳ್ತಾನೆ. ಅದೇ 20,000ದ ಪಾರ್ಟಿನ ಬಿಲ್ ಕೊಟ್ಟರೆ ಮರುಮಾತಿಲ್ಲದೆ ಎಣಿಸಿ ಕೊಡ್ತಾನೆ. ತಲೆ ಓಡಿಸಿದ್ದಕ್ಕೆ ದುಡ್ಡಿಲ್ಲ, ಪಾರ್ಟ್ ಮಾರಿದ್ದಕ್ಕೆ ಕಮಿಷನ್ ಇದೆ ಅಂದಮೇಲೆ ಗ್ಯಾರೇಜಿಗೆ ಕಲಿಯೋಕೆ ಬಂದ ಹುಡುಗ ಏನು ಕಲೀತಾನೆ ಹೇಳಿ? ನನಗೆ ಸಂಬಳ ಬರೋದೇ ತಪ್ಪು ಹುಡುಕೋದಕ್ಕೆ. ನಾಲ್ಕು ದಿನ ಹುಡುಕಿ ಕೊನೆಗೆ ಒಂದು ಸಾಲು ಬದಲಾಯಿಸಿದರೆ ನನ್ನ ಮ್ಯಾನೇಜರ್ "ಒಂದೇ ಸಾಲಿಗೆ ನಾಲ್ಕು ದಿನದ ಸಂಬಳಾನಾ?" ಅಂತ ಕೇಳಲ್ಲ. ಏಸಿ ಆಫೀಸಿನಲ್ಲಿ ಕೂತವನಿಗೆ ಸಲ್ಲೋ ಈ ಮರ್ಯಾದೆ ಕೈ ಮಸಿ ಮಾಡಿಕೊಂಡವನಿಗೆ ಯಾಕೆ ಸಲ್ಲಲ್ಲ?

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಕಥೆ ಕೇಳಲೇಬೇಡಿ. ಮೊದಲ ವರ್ಷ ಯಾವ ಬ್ರಾಂಚಿನವರಾದರೂ ಮೆಕ್ಯಾನಿಕಲ್ ಪೇಪರ್ ಬರೆದಿದ್ದೀವಿ. ನಾಲ್ಕು ಸ್ಟ್ರೋಕಿನ ಚಿತ್ರವನ್ನ ಪೆನ್ಸಿಲಿನಲ್ಲಿ ಅಂದವಾಗಿ ಬಿಡಿಸಿ ಮಾರ್ಕ್ಸ್ ತಗೊಂಡಿದ್ದೀವಿ. ಓಡದ ಇಂಜಿನ್ ಮುಂದೆ ನಿಲ್ಲಿಸಿ "ಯಾಕೆ ಓಡ್ತಿಲ್ಲ ಹೇಳು" ಅಂತ ಯಾವ ಮೇಷ್ಟ್ರೂ ಕೇಳಲಿಲ್ಲ. ಓಡೋದನ್ನ ವಿವರಿಸೋದು ಪಾಠ, ಓಡದೇ ಇರೋದನ್ನ ವಿವರಿಸೋದು ವಿದ್ಯೆ. ಎರಡನೆಯದಕ್ಕೆ ಸಿಲಬಸ್ಸಿನಲ್ಲಿ ಜಾಗವೇ ಇಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದೇ ಮನವಿ. ಗಾಡಿ ಗ್ಯಾರೇಜಿಗೆ ಬಿಡುವಾಗ ಮೊದಲೇ ಹೇಳಿಬಿಡಿ: "ತೊಂದರೆ ಹುಡುಕಿದ್ದಕ್ಕೆ ಬೇರೆ ಕೂಲಿ ಕೊಡ್ತೀನಿ, ಪಾರ್ಟ್ ಹಾಕದಿದ್ದರೂ ಕೊಡ್ತೀನಿ. ಆದರೆ ಪಾರ್ಟ್ ಬದಲಾಯಿಸೋ ಮೊದಲು ಅದೇ ಕೆಟ್ಟಿದೆ ಅಂತ ತೋರಿಸಿ." ಒಳ್ಳೇ ಮೇಸ್ತ್ರಿ ಖುಷಿಯಿಂದ ತೋರಿಸ್ತಾರೆ. ತೋರಿಸೋಕೆ ಒಪ್ಪದವರ ಹತ್ತಿರ ಗಾಡಿ ಬಿಡಬೇಡಿ, ಅಷ್ಟೇ.