ಬ್ಯಾಟರಿ ವೈರ್ ತೆಗೆದರೆ ಕಾರಿನ ‘ಚೆಕ್ ಎಂಜಿನ್’ ಸಮಸ್ಯೆ ಸರಿಹೋಗುತ್ತದೆಯೇ?

ಚೆಕ್ ಎಂಜಿನ್ ಲೈಟ್ ಬಂದರೆ ಬ್ಯಾಟರಿಯ ಮೈನಸ್ ವೈರನ್ನು ಹತ್ತು ನಿಮಿಷ ತೆಗೆದಿಡಿ, ಗ್ಯಾರೇಜಿನ ಖರ್ಚು ಉಳಿಯುತ್ತದೆ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಇದು ಅರ್ಧಸತ್ಯ. ಹಲವು ಕಾರುಗಳಲ್ಲಿ ಲೈಟ್ ಆರುತ್ತದೆ. ಆದರೆ ದೋಷ ಹಾಗೇ ಉಳಿಯುತ್ತದೆ, ಅದರ ಸುಳಿವು ಮಾತ್ರ ಅಳಿಸಿಹೋಗುತ್ತದೆ.

ಲೈಟ್ ಏನು ಹೇಳುತ್ತದೆ?

ಹೊಗೆ ಮಾಲಿನ್ಯ ಹೆಚ್ಚಿಸುವಂಥ ದೋಷ ಕಂಡರೆ ಕಾರಿನ ಕಂಪ್ಯೂಟರ್ ಒಂದು ಕೋಡ್ ಬರೆದಿಟ್ಟು ಈ ಹಳದಿ ಲೈಟ್ ಹಚ್ಚುತ್ತದೆ. ಈ ವ್ಯವಸ್ಥೆಯ ಹೆಸರು ಒಬಿಡಿ-2. ಅಮೆರಿಕದಲ್ಲಿ ಇದು 1996ರಿಂದ, ಭಾರತದ ಕಾರುಗಳಲ್ಲಿ 2013ರಿಂದ ಕಡ್ಡಾಯ. ಸ್ಟೀರಿಂಗ್ ಕೆಳಗಿರುವ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದರೆ ಕೋಡ್ ಓದಬಹುದು.

ನಿಂತಾಗ ಕಾರು ನಡುಗುವುದೇಕೆ?

ಗಾಳಿ, ಇಂಧನ, ಕಿಡಿ ಈ ಮೂರರಲ್ಲಿ ಒಂದು ತಪ್ಪಿದರೂ ಐಡ್ಲಿಂಗ್‌ನಲ್ಲಿ ಎಂಜಿನ್ ತಡವರಿಸುತ್ತದೆ. ಸವೆದ ಸ್ಪಾರ್ಕ್ ಪ್ಲಗ್, ಕೆಟ್ಟ ಇಗ್ನಿಷನ್ ಕಾಯಿಲ್, ಕೊಳೆ ಕಟ್ಟಿದ ಥ್ರಾಟಲ್ ಬಾಡಿ, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಸಾಮಾನ್ಯ ಕಾರಣಗಳು.

ಕೋಡ್ ಎಂದರೆ ಬದಲಿಸಬೇಕಾದ ಬಿಡಿಭಾಗದ ಹೆಸರಲ್ಲ. ಉದಾಹರಣೆಗೆ, ಪಿ0302 ಎಂದರೆ ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ. ಪ್ರತಿ ಸಿಲಿಂಡರ್‌ಗೆ ಬೇರೆ ಕಾಯಿಲ್ ಇರುವ ಕಾರಿನಲ್ಲಿ ಮೆಕ್ಯಾನಿಕ್ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ ನೋಡುತ್ತಾರೆ. ಕೋಡ್ ಪಿ0303ಕ್ಕೆ ಬದಲಾದರೆ ಕಾಯಿಲ್ ಕೆಟ್ಟಿದೆ ಎಂದರ್ಥ. ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್ ಪರೀಕ್ಷಿಸಬೇಕು. ಹಾಗೆಯೇ ಪಿ0171 ಬಂದ ತಕ್ಷಣ ಆಕ್ಸಿಜನ್ ಸೆನ್ಸರ್ ಬದಲಿಸುವುದು ದುಡ್ಡು ದಂಡ. ಗಾಳಿ ಹೆಚ್ಚು, ಇಂಧನ ಕಡಿಮೆ ಎಂದು ಸೆನ್ಸರ್ ಸರಿಯಾಗಿಯೇ ಹೇಳುತ್ತಿರಬಹುದು. ಎಲ್ಲೋ ಪೈಪ್ ಸೋರುತ್ತಿರಬಹುದು.

ವೈರ್ ತೆಗೆದರೆ ಏನಾಗುತ್ತದೆ?

ಕೋಡ್ ಜೊತೆಗೆ, ದೋಷ ಕಂಡಾಗ ಎಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ವೇಗದಲ್ಲಿ ತಿರುಗುತ್ತಿತ್ತು ಎಂಬ ಮಾಹಿತಿಯೂ ಅಳಿಸಬಹುದು. ಮೆಕ್ಯಾನಿಕ್‌ಗೆ ಬೇಕಿರುವುದೇ ಅದು. ಐಡ್ಲಿಂಗ್‌ಗಾಗಿ ಕಂಪ್ಯೂಟರ್ ಕಲಿತಿಟ್ಟ ಲೆಕ್ಕವೂ ಹೋಗಿ, ಕೆಲಕಾಲ ನಡುಕ ಹೆಚ್ಚಾಗಲೂಬಹುದು. ದೋಷ ಹಾಗೇ ಇದ್ದರೆ ಲೈಟ್ ಮತ್ತೆ ಬರುತ್ತದೆ.

ಯಾವಾಗ ನಿಲ್ಲಿಸಬೇಕು?

* ಲೈಟ್ ಸ್ಥಿರವಾಗಿದ್ದು ಕಾರು ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ. ಬೇಗ ಸ್ಕ್ಯಾನ್ ಮಾಡಿಸಿ.
* ಲೈಟ್ ಮಿಣುಕುತ್ತಿದ್ದರೆ ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಉರಿಯುತ್ತದೆ. ಒಳಗಿನ ಜಾಲರಿ ಕರಗಬಹುದು. ಪ್ಲಾಟಿನಂ, ಪಲ್ಲಾಡಿಯಂನಂಥ ಲೋಹಗಳಿರುವ ಈ ಭಾಗ ಪ್ಲಗ್‌ಗಿಂತ ಎಷ್ಟೋ ಪಟ್ಟು ದುಬಾರಿ.
* ಕೆಂಪು ಆಯಿಲ್ ಲೈಟ್ ಅಥವಾ ಟೆಂಪರೇಚರ್ ಲೈಟ್ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕೂಡಲೇ ಎಂಜಿನ್ ಆಫ್ ಮಾಡಿ.

ಒಟ್ಟಿನಲ್ಲಿ, ವೈರ್ ತೆಗೆಯುವುದು ರಿಪೇರಿ ಅಲ್ಲ. ಗ್ಯಾರೇಜಿನಲ್ಲಿ ಮೊದಲು ಕೋಡ್ ಕೇಳಿ ಬರೆದುಕೊಳ್ಳಿ. ಯಾವ ಭಾಗ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು ಎಂದೂ ಕೇಳಿ. ಖರ್ಚು ಉಳಿಸುವುದು ಆ ಪ್ರಶ್ನೆಯೇ.