ಬೆಳಕಿನ ಕತ್ತಿಯೂ ನಮ್ಮ ಹುಡುಗಿಯರೂ

ಹೆಣ್ಣುಮಕ್ಕಳ ಶಾಲೆಯಲ್ಲಿ ಕತ್ತಿಗೇನು ಕೆಲಸವೆಂದು ಈ ವರ್ಷ ನಮ್ಮನ್ನು ಕೇಳಿದವರು ಒಬ್ಬಿಬ್ಬರಲ್ಲ. ಮೇಲಿನ ತರಗತಿಗಳ ಹುಡುಗಿಯರು, ಬೆಳಕಿನ ಕತ್ತಿಯ ಆಟವನ್ನು ತಮಗೆ ಕಲಿಸಬೇಕೆಂದು ಸಹಿಮಾಡಿದ ಅರ್ಜಿಯೊಂದನ್ನು ನಮಗೆ ಒಪ್ಪಿಸಿದರು. ಆ ಸುದ್ದಿಯು ಮನೆಗಳಿಗೆ ಮುಟ್ಟಿದ ಮೇಲೆ ಪೋಷಕರಿಂದ ಬಂದ ಕಾಗದಗಳು ಅರ್ಜಿಗಿಂತ ದೀರ್ಘವಾಗಿದ್ದುವು. ಬರುವ ವರ್ಷದಿಂದ ಈ ಆಟವನ್ನು ಕಲಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಅದು ನಡೆಯತಕ್ಕದ್ದಲ್ಲವಾದ್ದರಿಂದ ನಮ್ಮ ಕಾರಣಗಳನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಈ ಕತ್ತಿಯನ್ನು ಕಾಣದವರಿಗಾಗಿ ಎರಡು ಮಾತು. 1977ರಲ್ಲಿ ಬಂದ 'ಸ್ಟಾರ್ ವಾರ್ಸ್' ಎಂಬ ಅಮೆರಿಕದ ಚಲನಚಿತ್ರದಲ್ಲಿ ವೀರರು ಹಿಡಿಯುವ ಕತ್ತಿಗೆ ಉಕ್ಕಿನ ಅಲಗಿಲ್ಲ. ಹಿಡಿಯಿಂದ ಹೊರಡುವ ಬೆಳಕೇ ಅಲಗು. ಅದಕ್ಕೆ ಲೈಟ್‌ಸೇಬರ್ ಎಂದು ಹೆಸರು. ಆಟಕ್ಕೆಂದು ಈಗ ಮಾಡುವ ಕತ್ತಿಗಳಲ್ಲಿ ಅಲಗಿನ ಬದಲು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆಯಿರುವುದು. ಎಲ್‌ಇಡಿ ದೀಪವು ಅದನ್ನು ಉದ್ದಕ್ಕೂ ಬೆಳಗಿಸುವುದು. ಅದಕ್ಕೆ ಮೊನೆಯೂ ಇಲ್ಲ, ಹರಿತವೂ ಇಲ್ಲ. 2019ರಲ್ಲಿ ಫ್ರಾನ್ಸ್ ದೇಶದ ಕತ್ತಿವರಸೆ ಸಂಘವು ಇದನ್ನು ಫಾಯಿಲ್, ಎಪೇ, ಸೇಬರ್ ಎಂಬ ಹಳೆಯ ಮೂರು ವಿಧಗಳ ಜೊತೆಗೆ ಸ್ಪರ್ಧೆಯ ಆಟವೆಂದು ಅಂಗೀಕರಿಸಿತು. ಪರದೆಯ ಮುಂದೆ ಕುಳಿತ ಮಕ್ಕಳನ್ನು ಎಬ್ಬಿಸಿ ಓಡಾಡಿಸುವುದು ಅವರ ಉದ್ದೇಶಗಳಲ್ಲೊಂದು. ಮಗಳ ಕೈಯಿಂದ ಫೋನನ್ನು ಬಿಡಿಸಲಾರದೆ ಸೋತಿರುವ ತಾಯಂದಿರು ಇದನ್ನು ಗಮನಿಸಬೇಕಾಗಿ ಬೇಡುತ್ತೇವೆ.

ಅಲ್ಲಿಯ ಕ್ರಮದಂತೆ ನೆಲದ ಮೇಲೆ ಗುರುತುಮಾಡಿದ ವೃತ್ತದೊಳಗೆ, ಮಂದವಾದ ಬೆಳಕಿನಲ್ಲಿ, ಇಬ್ಬರು ಎದುರುಬದುರಾಗಿ ನಿಲ್ಲುವರು. ತಲೆಗಾಗಲಿ ಮೈಗಾಗಲಿ ತಗಲಿದರೆ 5 ಅಂಕ, ತೋಳು ಕಾಲುಗಳಿಗೆ 3, ಹಸ್ತಕ್ಕೆ 1. ಮೊದಲು 15 ಅಂಕ ಮುಟ್ಟಿದವರಿಗೆ ಜಯ. ಯಾರೂ ಮುಟ್ಟದಿದ್ದರೆ 3 ನಿಮಿಷ ಕಳೆದಾಗ ಹೆಚ್ಚು ಅಂಕವುಳ್ಳವರಿಗೆ. ಇಷ್ಟು ಸರಿ. ನಮ್ಮ ಮನಸ್ಸನ್ನು ಸೆಳೆದದ್ದು ಮತ್ತೊಂದು ನಿಯಮ. ಪ್ರತಿಯೊಂದು ಹೊಡೆತಕ್ಕೆ ಮುಂಚೆ ಕತ್ತಿಯ ತುದಿಯನ್ನು ಬೆನ್ನಿನ ಹಿಂದಕ್ಕೆ ಒಯ್ಯಲೇಬೇಕು. ಸಿನಿಮಾದ ಕಾಳಗದಂತೆ ಅಂದವಾಗಿ ಕಾಣಲೆಂದು ಮಾಡಿದ ನಿಯಮವಿದು. ಶಿಕ್ಷಕಿಯರ ಕಣ್ಣಿಗಾದರೋ ಇದರ ಗುಣ ಬೇರೆ. ತಟ್ಟನೆ ಚುಚ್ಚುವುದಕ್ಕೆ ಎಡೆಯಿಲ್ಲ. ಬರುವ ಹೊಡೆತವು ಎದುರಿನವಳಿಗೆ ಮುಂಚೆಯೇ ಕಾಣುವುದು. ಆದರೆ ಅಷ್ಟು ಅಗಲವಾಗಿ ಬೀಸಿದ ಕೈಗೆ ಬಲವೂ ಹೆಚ್ಚು. ಪೂರ್ಣವಾಗಿ ಚಾಚಿದ ತೋಳನ್ನು ಎದುರಿನವಳ ಭುಜ ಮುಟ್ಟುವ ಕ್ಷಣದಲ್ಲಿ ತಾನೇ ತಡೆದು ಹಗುರಮಾಡಬೇಕು. ಈ ವಿದ್ಯೆಯ ಕಷ್ಟವೆಲ್ಲ ಇಲ್ಲಿಯೇ ಇದೆ, ಬೆಲೆಯೂ ಇಲ್ಲಿಯೇ ಇದೆ. ನಮ್ಮ ಹುಡುಗಿಯರಿಗೆ ಮೈಯನ್ನು ಕುಗ್ಗಿಸಿಕೊಂಡು ನಡೆಯುವುದನ್ನು ಎಲ್ಲರೂ ಕಲಿಸುವರು. ಮೈಯ ಬಲವನ್ನೆಲ್ಲ ಹೊರತಂದು ಅದನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವುದನ್ನು ಕಲಿಸುವವರು ಯಾರು?

ಪೋಷಕರ ಕೂಟದಲ್ಲಿ ಸಭೆಯ ಹಿರಿಯರೊಬ್ಬರು ಗೆತ್ಸೇಮನೆ ತೋಟದ ಸಂಗತಿಯನ್ನು ಎತ್ತಿದರು. ಕತ್ತಿಯನ್ನು ಒರೆಯಲ್ಲಿಡೆಂದು ಕರ್ತನು ಪೇತ್ರನಿಗೆ ಅಪ್ಪಣೆಕೊಟ್ಟಿರುವಾಗ ಮಿಷನ್ ಶಾಲೆಯು ಅದನ್ನು ಹೊರಗೆಳೆಯುವುದು ತರವೇ ಎಂದು ಅವರ ಪ್ರಶ್ನೆ. ಪ್ರಶ್ನೆಯು ಹಗುರವಾದದ್ದಲ್ಲ. ಪೇತ್ರನು ಮಲ್ಕನ ಕಿವಿಯನ್ನು ಕತ್ತರಿಸಿದ್ದು ಕೋಪದಿಂದ. ಅವನ ಕೈ ಮನಸ್ಸಿನ ಮಾತನ್ನು ಕೇಳಲಿಲ್ಲ. ನಾವು ಕಲಿಸಬಯಸುವುದು ಇದಕ್ಕೆ ವಿರೋಧವಾದದ್ದನ್ನು. ಈ ಆಟದಲ್ಲಿ ಕೋಪಗೊಂಡವಳು ನೋಯಿಸುವಳು, ನೋಯಿಸಿದವಳು ವೃತ್ತದಿಂದ ಹೊರಗೆ. ಇನ್ನೂ ಒಂದು ಮಾತು: ತಗಲಿದವರು ತಮಗೆ ತಗಲಿತೆಂದು ತಾವೇ ಒಪ್ಪಿಕೊಳ್ಳುವ ವಾಡಿಕೆಯು ಈ ಆಟದ ಕೆಲವು ಕೂಟಗಳಲ್ಲಿ ಉಂಟು. ತೀರ್ಪುಗಾರ್ತಿಯು ಕಾಣದ ಸೋಲನ್ನು ಹದಿನಾಲ್ಕು ವರ್ಷದ ಹುಡುಗಿಯು ಕೈಯೆತ್ತಿ ಹೇಳುವಳಾದರೆ, ಬೆಳಗಿನ ಪ್ರಾರ್ಥನೆಯಲ್ಲಿ ನಾವು ಮಾಡುವ ಎಷ್ಟೋ ಉಪದೇಶಗಳಿಗಿಂತ ಅದು ಮೇಲೆಂದು ಒಪ್ಪಲು ನಮಗೆ ಸಂಕೋಚವಿಲ್ಲ.

ಹೆಣ್ಣಿಗೆ ಕತ್ತಿ ಒಪ್ಪದು ಎಂಬ ಮಾತಿಗೆ ನಾವು ಹೆಚ್ಚು ಕಾಲ ಕೊಡಲಾರೆವು. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಎಷ್ಟೋ ಹುಡುಗಿಯರು ಕಿತ್ತೂರು ಚೆನ್ನಮ್ಮನಾಗಿ, ಬೆಳ್ಳಿಕಾಗದ ಸುತ್ತಿದ ರಟ್ಟಿನ ಕತ್ತಿಯನ್ನು ಹಿಡಿದು ರಂಗದ ಮೇಲೆ ಬರುವರು. 1824ರ ಆ ಸಂಗ್ರಾಮಕ್ಕೆ ತಂದೆತಾಯಿಗಳೆಲ್ಲರೂ ಚಪ್ಪಾಳೆ ತಟ್ಟುವರು. ಮರುದಿನ ಅದೇ ಹುಡುಗಿಯು ಕತ್ತಿ ಹಿಡಿಯುವ ಬಗೆಯನ್ನು ನಿಜವಾಗಿ ಕಲಿಯಬೇಕೆಂದರೆ ಮಾತ್ರ ಅದು ಒಪ್ಪದಂತೆ! 1924ರಿಂದಲೇ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರು ಕತ್ತಿವರಸೆಯಾಡುತ್ತಿದ್ದಾರೆ. ಭಾರತದಿಂದ ಆ ಕಣಕ್ಕೆ ಮೊದಲು ಅರ್ಹತೆ ಪಡೆದದ್ದು ಗಂಡಸಲ್ಲ, ಚೆನ್ನೈನ ಭವಾನಿದೇವಿ. 2004ರಲ್ಲಿ ತಮ್ಮ ಶಾಲೆಯಲ್ಲಿ ಈ ವಿದ್ಯೆಯನ್ನು ಆರಂಭಿಸಿದ ಅವರು ಮೊದಮೊದಲು ಅಭ್ಯಾಸಮಾಡಿದ್ದು ಬಿದಿರಿನ ಕೋಲುಗಳಿಂದ. 2021ರಲ್ಲಿ ಟೋಕಿಯೋದಲ್ಲಿ ಮೊದಲನೆಯ ಪಂದ್ಯವನ್ನು 15–3ರಿಂದ ಗೆದ್ದು, ಎರಡನೆಯದನ್ನು 7–15ರಿಂದ ಸೋತರು. ಶಾಲೆಯೊಂದು ಆ ಹುಡುಗಿಯ ಕೈಗೆ ಕೋಲನ್ನು ಕೊಡದೆ ಹೋಗಿದ್ದರೆ ಆ ಸೋಲಿನ ಮಾನವೂ ನಮ್ಮ ದೇಶಕ್ಕೆ ದೊರೆಯುತ್ತಿರಲಿಲ್ಲ.

ಗಾಯದ ಭಯವಾದರೋ ನ್ಯಾಯವಾದದ್ದೇ. ಮುಖಕ್ಕೆ ಕಲೆಯಾದರೆ ಮುಂದೆ ಮದುವೆಗೆ ಅಡ್ಡಿಯಾದೀತೆಂದು ತಂದೆಯೊಬ್ಬರು ಬರೆದಿದ್ದಾರೆ. ಮದುವೆಯ ಮಾತು ಹಾಗಿರಲಿ, ಕಣ್ಣಿನ ಮಾತನ್ನು ನಾವು ಮರೆತಿಲ್ಲ. ಪ್ಲಾಸ್ಟಿಕ್ಕೆಂದು ಅಸಡ್ಡೆ ಮಾಡತಕ್ಕದ್ದಲ್ಲ. ಆ ಕೊಳವೆಯು ಬೆರಳ ಗೆಣ್ಣಿಗೆ ಬಡಿದರೆ ಬಾತುಕೊಳ್ಳುವುದು, ಕಣ್ಣಿಗೆ ಬಡಿದರೆ ಹೇಳತಕ್ಕದ್ದೇನು? ಉಕ್ಕಿನ ಕತ್ತಿಯ ಆಟವು ತನ್ನ ಜಾಗ್ರತೆಯನ್ನು ಜೀವದ ಬೆಲೆ ತೆತ್ತು ಕಲಿತಿದೆ. 1982ರಲ್ಲಿ ರೋಮಿನಲ್ಲಿ ನಡೆದ ಜಾಗತಿಕ ಪಂದ್ಯಗಳಲ್ಲಿ ಎದುರಾಳಿಯ ಅಲಗು ಮುರಿದು, ಮುಖದ ಜಾಲರಿಯನ್ನು ಭೇದಿಸಿದ್ದರಿಂದ ಸೋವಿಯತ್ ದೇಶದ ವ್ಲಾದಿಮಿರ್ ಸ್ಮಿರ್ನೋವ್ ಎಂಬ ಒಲಿಂಪಿಕ್ ವಿಜೇತರು ತೀರಿಕೊಂಡರು. ಆಮೇಲೆ ಮುಖಕವಚವನ್ನೂ ಉಡುಪನ್ನೂ ಅಲಗನ್ನೂ ಮೊದಲಿಗಿಂತ ಬಲಪಡಿಸಿದರು. ಬೆಳಕಿನ ಕತ್ತಿಯ ಸ್ಪರ್ಧಿಗಳು ಕೂಡ ಜಾಲರಿಯ ಮುಖಕವಚವನ್ನು ಧರಿಸಿಯೇ ಆಡುವರು. ಆಟಿಗೆಯ ಅಂಗಡಿಯ ಮಿನುಗುವ ಕತ್ತಿಯನ್ನು ಕೊಂಡು ಬರಿಮುಖದಲ್ಲಿ ಅಂಗಳದಲ್ಲಿ ಬಡಿದಾಡುವುದೇ ನಿಜವಾದ ಅಪಾಯ. ಅದು ಈಗಾಗಲೇ ಅನೇಕ ಮನೆಗಳಲ್ಲಿ, ಯಾರ ಒಪ್ಪಿಗೆಯನ್ನೂ ಕೇಳದೆ ನಡೆಯುತ್ತಿದೆ.

ನಮ್ಮಲ್ಲಿ ಮುಖಕವಚ, ಕೈಗವಸು, ಮೆತ್ತೆಯಿಟ್ಟ ಅಂಗಿ ಇವು ಮೂರೂ ಇಲ್ಲದವಳು ವೃತ್ತದೊಳಗೆ ಕಾಲಿಡಕೂಡದು. ಕಲಿತ ಶಿಕ್ಷಕಿಯು ಎದುರಿಗಿಲ್ಲದೆ ಆಟವಿಲ್ಲ. ಮೊದಲಿನ ತಿಂಗಳುಗಳಲ್ಲಿ ತಲೆಗೆ ಹೊಡೆಯುವಂತಿಲ್ಲ, ಅದಕ್ಕೆ ಫ್ರಾನ್ಸಿನವರು 5 ಅಂಕ ಕೊಟ್ಟರೂ ನಾವು ಕೊಡೆವು. ಕತ್ತಿಗಳನ್ನು ಕೊಡುವುದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಪ್ರೀತಿಯಿಂದ ಬರೆದಿದ್ದಾರೆ. ಅವರಿಗೆ ನಮ್ಮ ವಂದನೆಗಳು. ಆದರೆ ಮೊದಲು ಬೇಕಾಗಿರುವವು ಮುಖಕವಚಗಳು, ನಮ್ಮ ಹುಡುಗಿಯರ ಚಿಕ್ಕ ಕೈಗಳಿಗೆ ಹೊಂದುವ ಕೈಗವಸುಗಳು. ಅವು ಬರುವ ತನಕ ಬಂದ ಕತ್ತಿಗಳೆಲ್ಲವೂ ಕಛೇರಿಯ ಬೀರುವಿನಲ್ಲಿರುವುವು. ಬೀಗದ ಕೈ ನಮ್ಮ ಬಳಿಯೇ ಇರುವುದು.