ಕಿಟ್ಟಿನ ಬೇಳೆ ಕಲಬುರಗಿಯಿಂದಲೇ ಬರಲಿ

ರಾಜ್ಯದ ಆಹಾರ ಮತ್ತು ನಾಗರಿಕ ಸರಬರಾಜು ಸಚಿವರಿಗೆ,



ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿತು. ಈ ತೀರ್ಮಾನ ಸರಿಯಾದದ್ದೇ. ನನ್ನ ತಕರಾರು ಏನಿದ್ದರೂ ಕಿಟ್ಟಿನೊಳಗೆ ಬೀಳುವ ಬೇಳೆ ಯಾರ ಹೊಲದ್ದು ಎಂಬುದರ ಬಗ್ಗೆ.

ಪಡಿತರದ ಅಕ್ಕಿ ಕಾಳಸಂತೆಗೆ ಹೋಗುತ್ತಿದೆ ಎಂಬುದು ಈ ಬದಲಾವಣೆಗೆ ಕೊಟ್ಟ ಕಾರಣಗಳಲ್ಲೊಂದು. ಲಾರಿಗಟ್ಟಲೆ ಸಾಗಿಸುವವರನ್ನು ಹಿಡಿಯಿರಿ. ಆದರೆ ಐದಾರು ಕೆ.ಜಿ. ಮಾರಿದ ಮನೆಯವರನ್ನು ಅದೇ ಸಾಲಿನಲ್ಲಿ ನಿಲ್ಲಿಸಬೇಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ 40 ಕೆ.ಜಿ. ಅಕ್ಕಿ ಬಂದು, ಬೇಳೆಗೆ ಕೈಯಲ್ಲಿ ಕಾಸಿಲ್ಲದಿದ್ದರೆ ಆ ಮನೆಯ ಹೆಂಗಸು ಏನು ಮಾಡಬೇಕು? ಮಿಕ್ಕ ಅಕ್ಕಿ ಮಾರಿ ಸಾರಿಗೆ ಬೇಳೆ ತರುತ್ತಾಳೆ. ಕಿಟ್ ಬೇಕೆಂದು ಸರ್ಕಾರಕ್ಕೆ ಹೊಳೆಯುವ ಮೊದಲೇ ಅವಳಿಗೆ ಅದು ಗೊತ್ತಿತ್ತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅನ್ನಭಾಗ್ಯ ಶುರುವಾದದ್ದು 2013ರಲ್ಲಿ. ಅದು ಹಸಿವನ್ನು ತಡೆಯಿತು, ಅದೇನು ಸಣ್ಣ ಮಾತಲ್ಲ. ಆದರೆ ಬರೀ ಅನ್ನದಿಂದ ರಕ್ತ ತುಂಬುವುದಿಲ್ಲ.

ಈಗ ತೊಗರಿಯ ಮಾತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಮಾನ್ಯತೆ ಸಿಕ್ಕರೂ ರಾಶಿ ಮಾಡುವ ಹೊತ್ತಿಗೆ ಮಾರುಕಟ್ಟೆಯಲ್ಲಿ ಬೆಲೆ ಬೀಳುವುದು ತಪ್ಪಿಲ್ಲ. 2025ರ ಆರಂಭದಲ್ಲಿ ಹೀಗೇ ಆದಾಗ ಕ್ವಿಂಟಲಿಗೆ 7,550 ರೂಪಾಯಿ ಬೆಂಬಲ ಬೆಲೆಯ ಮೇಲೆ ರಾಜ್ಯ ಸರ್ಕಾರವೇ 450 ರೂಪಾಯಿ ಸೇರಿಸಿ ಕೊಡಬೇಕಾಯಿತು. ಹೊಲದಲ್ಲಿ ಬೆಲೆ ಬಿದ್ದಾಗ ಪ್ರೋತ್ಸಾಹಧನ, ಅಂಗಡಿಯಲ್ಲಿ ಬೆಲೆ ಏರಿದಾಗ ಕಿಟ್: ಎರಡೂ ಒಂದೇ ಬೊಕ್ಕಸದ ಹಣ. ಇವೆರಡನ್ನೂ ಜೋಡಿಸಿದರೆ ರೈತನೂ ಉಳಿಯುತ್ತಾನೆ, ಬೊಕ್ಕಸವೂ ಉಳಿಯುತ್ತದೆ. ಕಡಿಮೆ ಬೆಲೆ ಕೂಗಿದವರಿಗೆ ಟೆಂಡರ್ ಎಂದು ಕಣ್ಣುಮುಚ್ಚಿ ಹೋದರೆ, ಮೊಜಾಂಬಿಕ್ ಮತ್ತು ಮ್ಯಾನ್ಮಾರ್‌ನಿಂದ ಬಂದಿಳಿದ ತೊಗರಿ ಕಲಬುರಗಿಯ ನ್ಯಾಯಬೆಲೆ ಅಂಗಡಿಗೇ ಬಂದು ಕೂರುತ್ತದೆ. ಆ ದೇಶಗಳ ರೈತರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಮ್ಮ ತೆರಿಗೆಯ ದುಡ್ಡು ಮೊದಲು ಆಳಂದ, ಸೇಡಂ, ಜೇವರ್ಗಿಯ ಹೊಲಗಳಿಗೆ ತಲುಪಬೇಕು.

ರಾಗಿ, ಜೋಳದ ಕತೆಯೂ ಇದೇ. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ಕೊಟ್ಟ ತಿಂಗಳುಗಳಿವೆ. ದಾಸ್ತಾನು ಮುಗಿದರೆ ಮತ್ತೆ ಬರೀ ಅಕ್ಕಿ. ರಾಗಿ ಕೆಡುತ್ತದೆ ಎಂದು ಯಾರೂ ಹೇಳಲಾರರು, ನಮ್ಮ ಹಿರಿಯರು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದ ಕಾಳು ಅದು. ಹಂಚಿ ಮುಗಿಸಲು ಹಿಂದೆ ಇದ್ದ ಗಡುವನ್ನು ಕೇಂದ್ರವೂ ರಾಗಿಗೆ 10, ಜೋಳಕ್ಕೆ 9 ತಿಂಗಳಿಗೆ ಏರಿಸಿದೆ. ತೊಡಕಿರುವುದು ಖರೀದಿಯಲ್ಲಿ. ರಾಗಿಯ ಕಟಾವು ನವೆಂಬರ್, ಡಿಸೆಂಬರ್‌ನಲ್ಲಿ. ಖರೀದಿ ಸಾಮಾನ್ಯವಾಗಿ ಜನವರಿಯಿಂದ. ಸಾಲ ತೀರಿಸಬೇಕಾದ ಸಣ್ಣ ರೈತ ಅಲ್ಲಿಯವರೆಗೆ ಕಾಯಲಾರ, ಕಣದಲ್ಲೇ ದಲ್ಲಾಳಿಗೆ ಅಳೆದುಕೊಡುತ್ತಾನೆ. 2025-26ಕ್ಕೆ ಕ್ವಿಂಟಲ್ ರಾಗಿಗೆ ಘೋಷಿಸಿದ 4,886 ರೂಪಾಯಿ ಬೆಂಬಲ ಬೆಲೆ ಅವನ ಪಾಲಿಗೆ ಪತ್ರಿಕೆಯ ಸುದ್ದಿ ಮಾತ್ರ.

ಅತ್ತ ಬೆಂಗಳೂರಿನಲ್ಲಿ ಸಕ್ಕರೆ ಕಾಯಿಲೆಗೆ ಹೆದರಿದವರು ರಾಗಿ ಬಿಸ್ಕತ್ತು, ಜೋಳದ ರೊಟ್ಟಿಯ ಪೊಟ್ಟಣಗಳಿಗೆ ಕೇಳಿದಷ್ಟು ಬೆಲೆ ಕೊಡುತ್ತಿದ್ದಾರೆ. ಆ ಕಾಳು ಬೆಳೆದವರ ಮನೆಯಲ್ಲಿ ಮೂರು ಹೊತ್ತೂ ಅನ್ನ. ಇದು ನನಗೆ ಬಹಳ ನೋವಿನ ಸಂಗತಿ.

ಆದ್ದರಿಂದ ಕೇಳಿಕೊಳ್ಳುವುದಿಷ್ಟು. ಕಿಟ್ಟಿನ ತೊಗರಿಯನ್ನು ಕಲ್ಯಾಣ ಕರ್ನಾಟಕದ ರೈತರಿಂದ, ಅವರ ಸಹಕಾರ ಸಂಘಗಳ ಮೂಲಕವೇ ಕೊಳ್ಳಿರಿ. ಟೆಂಡರಿನಲ್ಲೇ ಅದನ್ನು ಷರತ್ತಾಗಿ ಬರೆಸಿರಿ. ರಾಗಿ ಖರೀದಿ ಕೇಂದ್ರಗಳನ್ನು ಸುಗ್ಗಿಯ ಮೊದಲ ವಾರವೇ ತೆರೆಸಿ, ಹಣ ತಡವಿಲ್ಲದೆ ರೈತನ ಖಾತೆಗೆ ಬೀಳುವಂತೆ ನೋಡಿಕೊಳ್ಳಿರಿ.

ಇಂತಿ,
ಪಡಿತರ ಚೀಟಿಯ ಮನೆಯಲ್ಲಿ ಬೆಳೆದ ಒಬ್ಬ ನಾಗರಿಕ